ಡೇರೆ ಎಲ್ಲಿ ಹಾಕೋಣ?

ನಾನು ಸಣ್ಣವನಿದ್ದಾಗ 'ಕ್ಯಾಂಪು' ಅಂದರೆ ಸರ್ಕಾರಿ ಆಫೀಸಿನ ಮಾತು. ಸಾಹೇಬರು ಕ್ಯಾಂಪಿನಲ್ಲಿದ್ದಾರೆ ಅಂದರೆ ಆವತ್ತು ನಮ್ಮ ಕಾಗದಕ್ಕೆ ಸಹಿ ಬೀಳೋದಿಲ್ಲ ಅಂತ ಅರ್ಥ. ಸಿಂಧನೂರು, ಗಂಗಾವತಿ ಕಡೆಯವರಿಗೆ ಕ್ಯಾಂಪು ಅಂದರೆ ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ಹುಟ್ಟಿಕೊಂಡ ಊರು. ಅಮೆರಿಕಕ್ಕೆ ಬಂದ ಮೇಲೆ ಮೂರನೇ ಅರ್ಥ ಗೊತ್ತಾಯಿತು. ದುಡ್ಡು ಕೊಟ್ಟು ಕಾಡಿನಲ್ಲಿ ನೆಲದ ಮೇಲೆ ಮಲಗುವುದು! ಫೋನಿನಲ್ಲಿ ಇದನ್ನು ಹೇಳಿದಾಗ ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ವೋ ಮಾರಾಯ, ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ನಮ್ಮ ತೋಟದ ಮನೆಗೆ ಏನಾಗಿತ್ತು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಸಲ ಮಕ್ಕಳ ಬೇಡಿಕೆ ಸ್ಪಷ್ಟವಾಗಿತ್ತು. ಗುಡ್ಡವೂ ಬೇಕು, ಕೆರೆಯೂ ಬೇಕು. ನ್ಯೂಯಾರ್ಕ್ ರಾಜ್ಯದ ಉತ್ತರಕ್ಕಿರುವ ಅಡಿರಾಂಡಾಕ್ ಬೆಟ್ಟಗಳಲ್ಲಿ ಎರಡಕ್ಕೂ ಬರವಿಲ್ಲ. ಕಂಪ್ಯೂಟರ್ ಮುಂದೆ ಕೂತೆ. ಪರದೆಯ ಮೇಲೆ ಸರೋವರದ ನಕ್ಷೆ, ದಂಡೆಯುದ್ದಕ್ಕೂ ಪುಟ್ಟ ಪುಟ್ಟ ನಂಬರುಗಳು. ಒಂದೊಂದು ನಂಬರೂ ಒಂದೊಂದು ಡೇರೆಯ ಜಾಗ. ನೀರಿಗೆ ಹತ್ತಿರದವೆಲ್ಲ ತಿಂಗಳುಗಳ ಹಿಂದೆಯೇ ಖಾಲಿ. ಉಳಿದವುಗಳಲ್ಲಿ ಒಂದು ಶೌಚಾಲಯಕ್ಕೆ ತೀರಾ ಹತ್ತಿರ, ಇನ್ನೊಂದಕ್ಕೆ ನೆರಳಿಲ್ಲ, ಮತ್ತೊಂದು ತಗ್ಗಿನಲ್ಲಿದೆ. (ತಗ್ಗಿನ ಜಾಗದ ಮಹಿಮೆ ನಮಗೆ ಎರಡು ವರ್ಷದ ಹಿಂದೆ ರಾತ್ರಿ ಎರಡು ಗಂಟೆಗೆ, ಮಳೆ ನೀರು ಹಾಸಿಗೆಯೊಳಗೆ ಬಂದಾಗ ತಿಳಿದಿದೆ.) ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದು ಮೂರು ರಾತ್ರಿ ಹಿಡಿಯಿತು. ಆಗ ತಲೆಗೆ ಹೊಕ್ಕ ಪ್ರಶ್ನೆ ಇದು: ಅಲ್ಲ, ಇಷ್ಟು ದೊಡ್ಡ ಕಾಡಿಗೆ ನಂಬರು ಬರೆದವರು ಯಾರು? ಯಾಕೆ?

ಹುಡುಕುತ್ತಾ ಹೋದರೆ ಸಿಕ್ಕಿದ ಕಥೆ ನನಗೆ ಬಹಳ ಹಿಡಿಸಿತು. ನಿಮಗೂ ಹೇಳೋಣ ಅಂತ.

* * *

1858ರ ಆಗಸ್ಟ್. ಕವಿ-ಚಿಂತಕ ಎಮರ್ಸನ್, ಜೀವವಿಜ್ಞಾನಿ ಲೂಯಿ ಅಗಾಸಿ, ಕವಿ ಜೇಮ್ಸ್ ರಸೆಲ್ ಲೋವೆಲ್ ಮುಂತಾದ ಹತ್ತು ಮಂದಿ ಈ ಕಾಡಿಗೆ ಬಂದರು. ಜಾಗ ಆರಿಸುವ ಕೆಲಸ ಚಿತ್ರಕಾರ ವಿಲಿಯಂ ಜೇಮ್ಸ್ ಸ್ಟಿಲ್‌ಮನ್‌ದು. ಅವನು ಮುಂಚೆಯೇ ಹೋಗಿ ಫಾಲೆನ್ಸ್‌ಬೀ ಎಂಬ ಕೆರೆಯ ಪಕ್ಕ, ದೊಡ್ಡ ಮೇಪಲ್ ಮರಗಳ ಕೆಳಗೆ, ತಣ್ಣನೆಯ ಒರತೆ ಇರುವ ಕಡೆ ಮರದ ತೊಗಟೆ ಹೊದಿಸಿದ ಗುಡಿಸಲು ಸಿದ್ಧ ಮಾಡಿಸಿದ. ನೆರಳು, ಕುಡಿಯುವ ನೀರು, ದೋಣಿ ಕಟ್ಟಲು ದಂಡೆ. ನಾನು ಮೂರು ರಾತ್ರಿ ಹುಡುಕಿದ್ದೂ ಇವೇ ಮೂರನ್ನು ತಾನೆ! ವ್ಯತ್ಯಾಸ ಇಷ್ಟೇ, ಸ್ಟಿಲ್‌ಮನ್ ಮುಂದೆ ಇಡೀ ಕೆರೆ ಇತ್ತು, ನನ್ನ ಮುಂದೆ ಉಳಿದ ನಾಲ್ಕು ನಂಬರುಗಳಿದ್ದವು. ಅಂದಹಾಗೆ ಕವಿ ಲಾಂಗ್‌ಫೆಲೋಗೂ ಆಹ್ವಾನ ಇತ್ತಂತೆ. ಎಮರ್ಸನ್ ಕೋವಿ ಹಿಡಿದು ಬರುತ್ತಿದ್ದಾನೆ ಅಂತ ಕೇಳಿ, ಪ್ರಾಣಭಯದಿಂದ ಬರಲಿಲ್ಲ ಅಂತ ಸ್ಟಿಲ್‌ಮನ್ ಆಮೇಲೆ ಬರೆದುಕೊಂಡಿದ್ದಾನೆ :-)

ಇದು ಯಾರೂ ಇಲ್ಲದ ಕಾಡಾಗಿತ್ತು ಅಂತ ಮಾತ್ರ ಅಂದುಕೊಳ್ಳಬೇಡಿ. ಮೋಹಾಕ್ ಮತ್ತು ಅಬೆನಾಕಿ ಜನ ಅಲ್ಲಿ ತಲೆತಲಾಂತರದಿಂದ ಬೇಟೆಯಾಡುತ್ತಿದ್ದರು, ದೋಣಿ ಹೊತ್ತು ಒಂದು ಕೆರೆಯಿಂದ ಇನ್ನೊಂದಕ್ಕೆ ನಡೆಯುತ್ತಿದ್ದರು. ಲಾಂಗ್ ಲೇಕ್ ಊರಿನ ಹೆಸರಾಂತ ಗೈಡ್ ಮಿಚೆಲ್ ಸಬಾಟಿಸ್ ಅಬೆನಾಕಿಯವನೇ. ಪೇಟೆಯವರಿಗೆ ಎಲ್ಲಿ ಮಲಗಬೇಕು, ಎಲ್ಲಿ ಬೆಂಕಿ ಹಾಕಬೇಕು ಅಂತ ಹೇಳಿಕೊಟ್ಟವರು ಇಂಥ ಗೈಡುಗಳು. ಚರಿತ್ರೆಯಲ್ಲಿ ದೊಡ್ಡಕ್ಷರದಲ್ಲಿ ಉಳಿದಿದ್ದು ಪೇಟೆಯವರ ಹೆಸರು.

* * *

ಕಥೆ ತಿರುಗುವುದು 1869ರಲ್ಲಿ. ಬಾಸ್ಟನ್ನಿನಲ್ಲಿ ವಿಲಿಯಂ ಎಚ್. ಎಚ್. ಮರ್ರೆ ಅಂತ ಒಬ್ಬ ಪಾದ್ರಿ. ಇನ್ನೂ ಮೂವತ್ತು ತುಂಬಿರಲಿಲ್ಲ. ಬೇಸಿಗೆ ಬಂದರೆ ಸಾಕು, ಅಡಿರಾಂಡಾಕ್‌ಗೆ ಓಡುವವನು. ರ‍್ಯಾಕೆಟ್ ಸರೋವರದ ಒಂದು ದ್ವೀಪದಲ್ಲಿ ಅವನ ಬಿಡಾರ. ಆ ವರ್ಷ ವಸಂತದಲ್ಲಿ ಅವನ 'ಅಡ್ವೆಂಚರ್ಸ್ ಇನ್ ದ ವೈಲ್ಡರ್‌ನೆಸ್' ಪುಸ್ತಕ ಬಂತು.

ಕಾಡಿನ ಬಗ್ಗೆ ಪುಸ್ತಕಗಳು ಅದಕ್ಕೂ ಮೊದಲು ಇದ್ದವು. ಇದರ ವಿಶೇಷ ಏನೆಂದರೆ, ಮರ್ರೆ ವರ್ಣನೆಗೇ ನಿಲ್ಲಿಸಲಿಲ್ಲ. ಯಾವ ದಾರಿಯಲ್ಲಿ ಹೋಗಬೇಕು, ಯಾವ ಬಟ್ಟೆ ಹಾಕಬೇಕು, ಎಲ್ಲಿ ಉಳಿಯಬಹುದು, ಗೈಡ್‌ಗೆ ದಿನಕ್ಕೆ ಎಷ್ಟು (ಎರಡೂವರೆ ಡಾಲರ್) ಅಂತೆಲ್ಲ ಬಿಡಿಸಿ ಬರೆದ. ಹೆಂಗಸರೂ ಧಾರಾಳವಾಗಿ ಬರಬಹುದು ಅಂದ. ಕ್ಷಯ ಹಿಡಿದು ಸಾಯುವ ಹಾಗಿದ್ದ ಒಬ್ಬ ಯುವಕ ಈ ಕಾಡಿನ ಗಾಳಿಯಲ್ಲಿ ಚೇತರಿಸಿಕೊಂಡ ಕಥೆಯನ್ನೂ ಸೇರಿಸಿದ. ಬೇಸಿಗೆಗೆ ರೈಲಿನ ವೇಳಾಪಟ್ಟಿ, ನಕ್ಷೆ ಇರುವ ಪ್ರವಾಸಿ ಆವೃತ್ತಿಯೂ ಬಂತು. ಓದುತ್ತಿದ್ದರೆ ನಮ್ಮ ಬ್ಲಾಗುಗಳ ಚಾರಣದ ಬರಹಗಳೇ ನೆನಪಾಗುತ್ತವೆ. 'ಬೆಳಿಗ್ಗೆ ಐದಕ್ಕೆ ಬಸ್ಸು ಹತ್ತಿ, ಕೈಮರದ ಹತ್ತಿರ ಇಳಿದು, ಎಡಕ್ಕೆ ತಿರುಗಿ...' ಅಂತ ಬರೆಯುತ್ತೇವಲ್ಲ, ಥೇಟ್ ಹಾಗೆ.

ಪುಸ್ತಕ ಮುದ್ರಣದ ಮೇಲೆ ಮುದ್ರಣ ಕಂಡಿತು. ಆ ಬೇಸಿಗೆಯಲ್ಲಿ ಜನ ಸಾವಿರಗಟ್ಟಲೆ ಬಂದಿಳಿದರು. ಇದ್ದಿದ್ದು ಬೆರಳೆಣಿಕೆಯ ಹೋಟೆಲು, ಒಂದಿಷ್ಟು ಗೈಡುಗಳು. ಮಲಗಲು ಜಾಗವಿಲ್ಲ, ದೋಣಿ ಇಲ್ಲ. ಸಾಲದ್ದಕ್ಕೆ ಆ ವರ್ಷ ವಿಪರೀತ ಮಳೆ ಮತ್ತು ಚಳಿ. ಕಚ್ಚುವ ಕಪ್ಪು ನೊಣಗಳು ಜುಲೈ ಹೊತ್ತಿಗೆ ಹೋಗಬೇಕಾದವು ಹೋಗಲಿಲ್ಲ. ಕಥೆ ನಂಬಿ ಬಂದ ಕ್ಷಯರೋಗಿಗಳು ಇನ್ನಷ್ಟು ಬಳಲಿದರು ಅಂತ ಪತ್ರಿಕೆಗಳು ಬರೆದವು. ಬಂದವರಿಗೆಲ್ಲ 'ಮರ್ರೆಯ ಮೂರ್ಖರು' ಅಂತ ಹೆಸರು ಬಿತ್ತು. ಮರ್ರೆ ಪತ್ರಿಕೆಗೆ ಪತ್ರ ಬರೆದು ಸಮರ್ಥಿಸಿಕೊಂಡ. ಆದರೆ ಕಾಡಿನ ಬಾಗಿಲು ತೆರೆದಾಗಿತ್ತು. ಮುಂದಿನ ವರ್ಷಗಳಲ್ಲಿ ಹೋಟೆಲುಗಳು ಬಂದವು, ರೈಲು ಬಂತು, ಶ್ರೀಮಂತರ ಬೇಸಿಗೆ ಬಂಗಲೆಗಳು ಬಂದವು. ಅತ್ತ ಮರ ಕಡಿಯುವ ಕಂಪನಿಗಳೂ ಸುಮ್ಮನಿರಲಿಲ್ಲ.

ಮರ್ರೆಯನ್ನು ಬೈಯುವುದು ಸುಲಭ. ಆದರೆ ಕಥೆಯ ಇನ್ನೊಂದು ಮಗ್ಗುಲೂ ಇದೆ. 1885ರಲ್ಲಿ ನ್ಯೂಯಾರ್ಕ್ ಸರ್ಕಾರ ಅಲ್ಲಿನ ತನ್ನ ಕಾಡನ್ನು ರಕ್ಷಿತ ಅಂತ ಘೋಷಿಸಿತು. 1892ರಲ್ಲಿ ಅಡಿರಾಂಡಾಕ್ ಪಾರ್ಕ್ ಆಯಿತು. 1894ರಲ್ಲಿ ಈ ಸರ್ಕಾರಿ ಕಾಡು ಎಂದೆಂದಿಗೂ ಕಾಡಾಗಿಯೇ ಇರಬೇಕು ಎಂಬ ಮಾತು ರಾಜ್ಯದ ಸಂವಿಧಾನಕ್ಕೇ ಸೇರಿತು. ಮುಖ್ಯ ಕಾರಣ ನೀರು. ಕಾಡು ಹೋದರೆ ಹಡ್ಸನ್ ನದಿಗೂ ಈರೀ ಕಾಲುವೆಗೂ ನೀರಿಲ್ಲ ಅಂತ ವ್ಯಾಪಾರಿಗಳು ಹೆದರಿದ್ದರು. ಆದರೆ ಅಷ್ಟು ಹೊತ್ತಿಗೆ ಆ ಕೆರೆಗಳ ದಂಡೆಯಲ್ಲಿ ಒಂದು ರಾತ್ರಿಯಾದರೂ ಕಳೆದ ಸಾವಿರಾರು ಜನ ಪೇಟೆಗಳಲ್ಲಿದ್ದರು ಅನ್ನುವುದನ್ನೂ ಮರೆಯಬಾರದು. ನೋಡದೇ ಇದ್ದ ಕಾಡಿನ ಪರವಾಗಿ ಎಷ್ಟು ಜನ ಮಾತಾಡುತ್ತಾರೆ, ಹೇಳಿ?

* * *

ಸರಿ, ನಂಬರು ಬಂದಿದ್ದು ಯಾವಾಗ? ಅದಕ್ಕೆ ಕಾರು ಬರಬೇಕಾಯಿತು.

1908ರಲ್ಲಿ ಫೋರ್ಡ್ ಮಾಡೆಲ್ ಟಿ ಬಂತು. 1913ರಲ್ಲಿ ಯೊಸೆಮಿಟಿ, 1915ರಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಗಳು ಕಾರುಗಳಿಗೆ ಬಾಗಿಲು ತೆರೆದವು. ಈಗ ಗೈಡೂ ಬೇಡ, ರೈಲಿನ ವೇಳಾಪಟ್ಟಿಯೂ ಬೇಡ. ಮರದ ಬುಡದವರೆಗೂ ಕಾರು ಓಡಿಸಿ, ಇಷ್ಟವಾದಲ್ಲಿ ಡೇರೆ ಹೊಡೆಯುವುದು. ಸ್ಟಿಲ್‌ಮನ್ ಒಬ್ಬನಿಗೆ ಇದ್ದ ಸ್ವಾತಂತ್ರ್ಯ ಈಗ ಎಲ್ಲರಿಗೂ ಸಿಕ್ಕಿತ್ತು. ಎಲ್ಲರಿಗೂ ಬೇಕಾಗಿದ್ದು ಮಾತ್ರ ಅದೇ ದೊಡ್ಡ ಮರದ ನೆರಳು, ಅದೇ ನೀರಿನ ಅಂಚು.

ಇಲ್ಲಿ ಬರುತ್ತಾನೆ ನನ್ನ ಕಥಾನಾಯಕ, ಇ. ಪಿ. ಮೈನೆಕೆ. ಕ್ಯಾಲಿಫೋರ್ನಿಯಾದಲ್ಲಿದ್ದ ಸಸ್ಯರೋಗ ತಜ್ಞ. ಅಂದರೆ ಮರಗಳ ಡಾಕ್ಟರು ಅನ್ನಿ. ರೆಡ್‌ವುಡ್ ಮರಗಳಿಗೆ ಪ್ರವಾಸಿಗಳಿಂದ ಏನಾಗುತ್ತಿದೆ ಎಂದು ಪರೀಕ್ಷೆ ಮಾಡಿ 1928ರಲ್ಲಿ ವರದಿ ಕೊಟ್ಟ. ಅವನ ಮಾತಿನ ಸಾರ ಇದು: ಕೊಡಲಿಯೇ ಬೇಕಿಲ್ಲ, ಕಾಲು ಸಾಕು. ಜನ ನಡೆದು ನಡೆದು ಮಣ್ಣು ಗಟ್ಟಿಯಾಗುತ್ತದೆ. ಗಾಳಿ, ನೀರು ಇಳಿಯುವುದಿಲ್ಲ. ಮೇಲ್ಮಣ್ಣಿನಲ್ಲಿ ಹರಡಿರುವ ಸಣ್ಣ ಬೇರುಗಳು ಸಾಯುತ್ತವೆ. ಕಾರಾದರೆ ಇನ್ನೂ ಕಷ್ಟ, ಸಸಿಗಳನ್ನೂ ಪೊದೆಗಳನ್ನೂ ಅರೆದು ಹಾಕುತ್ತದೆ. ಮರ ತಕ್ಷಣ ಸಾಯುವುದಿಲ್ಲ, ವರ್ಷಗಟ್ಟಲೆ ಸೊರಗುತ್ತದೆ. ಅದರ ಕೆಳಗೆ ನಲಿದು ಹೋದವನಿಗೆ ತಾನು ಏನು ಮಾಡಿದೆ ಅಂತ ಗೊತ್ತೇ ಆಗುವುದಿಲ್ಲ.

ಆವರೆಗೆ ಒಂದು ಜಾಗ ಹಾಳಾದರೆ ಬಿಡಾರವನ್ನು ಇನ್ನೊಂದು ಕಡೆಗೆ ಸರಿಸುತ್ತಿದ್ದರು. ಅದೂ ಹಾಳಾದರೆ ಮತ್ತೊಂದು. 1932ರಲ್ಲಿ ಮೈನೆಕೆ ಇದಕ್ಕೆ ಬೇರೆಯದೇ ಪರಿಹಾರ ಬರೆದುಕೊಟ್ಟ. ಕಾರು ಒಂದೇ ದಿಕ್ಕಿನಲ್ಲಿ ಸುತ್ತಿ ಹೋಗುವ ಕಿರಿದಾದ ರಸ್ತೆ. ಅದರಿಂದ ಓರೆಯಾಗಿ ಕವಲೊಡೆದ ಪುಟ್ಟ ದಾರಿ, ಕಾರು ನಿಲ್ಲಬೇಕಾದ್ದು ಅಲ್ಲೇ. ದಾಟದ ಹಾಗೆ ಅಂಚಿಗೆ ಬಂಡೆ ಅಥವಾ ದಿಮ್ಮಿ. ಅಲುಗಾಡಿಸಲಾಗದ ಮೇಜು, ಅಲುಗಾಡಿಸಲಾಗದ ಒಲೆ. ಯಾಕೆ ಅಂದರೆ ಮೇಜು ಇರುವಲ್ಲೇ ಜನ ಓಡಾಡುತ್ತಾರೆ, ಉಳಿದ ನೆಲ ಉಸಿರಾಡುತ್ತದೆ. ಪಕ್ಕದ ಬಿಡಾರ ಕಾಣದಂತೆ ನಡುವೆ ಪೊದೆಗಳನ್ನು ಹಾಗೇ ಬಿಡುವುದು.

1933ರಲ್ಲಿ ರೂಸ್‌ವೆಲ್ಟ್ ಸರ್ಕಾರ ನಿರುದ್ಯೋಗಿ ಯುವಕರಿಗಾಗಿ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಕಟ್ಟಿತು. 1942ರವರೆಗೆ ಇದ್ದ ಈ ಪಡೆಯ ಹುಡುಗರು ದೇಶದ ಉದ್ದಗಲಕ್ಕೂ ಇದೇ ಮಾದರಿಯ ಕ್ಯಾಂಪ್‌ಗ್ರೌಂಡ್‌ಗಳನ್ನು ಕಟ್ಟಿದರು. ಅಡಿರಾಂಡಾಕ್‌ನಲ್ಲೂ ಅವರು ಕೆಲಸ ಮಾಡಿದ್ದಾರೆ. ಹೀಗೆ ಒಂದೊಂದು ಬಿಡಾರಕ್ಕೂ ಗಡಿ ಬಂತು, ಗಡಿ ಬಂದ ಮೇಲೆ ನಂಬರು ಬಂತು. ನಂಬರು ಬಂದ ಮೇಲೆ ಕಂಪ್ಯೂಟರಿನಲ್ಲಿ ಕಾದಿರಿಸುವುದಕ್ಕೆ ಏನು ಕಷ್ಟ? ಅಮೆರಿಕದ ಕೆಲವು ರಾಷ್ಟ್ರೀಯ ಉದ್ಯಾನಗಳಲ್ಲಿ 1973ರಲ್ಲೇ ಅದು ಶುರುವಾಯಿತು.

* * *

ಅಂದರೆ ಮೂರು ರಾತ್ರಿ ನಾನು ಶಪಿಸುತ್ತಿದ್ದ ಆ ನಂಬರು ನನಗೆ ಹಾಕಿದ ಬೇಲಿಯಲ್ಲ, ಮರದ ಬೇರಿಗೆ ಹಾಕಿದ ಬೇಲಿ. ನಂಬರಿಲ್ಲದ ಕಾಡೂ ಅಲ್ಲಿದೆ. ಬೆನ್ನ ಮೇಲೆ ಡೇರೆ ಹೊತ್ತು ಸರ್ಕಾರಿ ಕಾಡಿನೊಳಕ್ಕೆ ನಡೆಯುವವರು, ಗುರುತು ಹಾಕಿದ ಜಾಗ ಬಿಟ್ಟರೆ, ರಸ್ತೆ, ಕಾಲುದಾರಿ, ನೀರು ಎಲ್ಲದರಿಂದ 150 ಅಡಿ ದೂರದಲ್ಲಿ ಮಲಗಬೇಕು ಅಂತ ನಿಯಮ. ನೀರಿನ ಅಂಚೇ ಬೇಕು ಅನ್ನುವ ನಮ್ಮ ಆಸೆಗೆ ಸರಿಯಾಗಿ ಉಲ್ಟಾ!

ಇದನ್ನೆಲ್ಲ ಓದುವಾಗ ನನಗೆ ನೆನಪಾಗುತ್ತಿದ್ದಿದ್ದು ಕುಮಾರಪರ್ವತ. 2024ರ ಜನವರಿ ಕೊನೆಯ ರಜೆಯಲ್ಲಿ ಅಲ್ಲಿ ಜಾತ್ರೆಯ ಹಾಗೆ ಜನ ಸೇರಿದ್ದರ ಚಿತ್ರ ನೀವೂ ನೋಡಿರುತ್ತೀರಿ. ಚಾರಣ ಕೆಲವು ಕಾಲ ನಿಂತು, ಆಮೇಲೆ ಮುಂಗಡ ನೋಂದಣಿ, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂತು. ಆ ಗುಡ್ಡದ ದಾರಿಯನ್ನು ಬ್ಲಾಗುಗಳಲ್ಲಿ ಸಾಲು ಸಾಲಾಗಿ ಬರೆದವರು ನಾವೇ. ನಾನೂ ಒಂದು ಬರಹ ಹಾಕಿದ್ದೆ, ಭಟ್ಟರ ಮನೆಯ ಊಟದ ಸಮೇತ. ತಪ್ಪು ಮಾಡಿದೆನೇ? ಗೊತ್ತಿಲ್ಲ. ನನಗೆ ಆ ದಾರಿ ಹೇಳಿದ್ದೂ ಇನ್ನೊಬ್ಬರ ಬರಹವೇ.

ಮರ್ರೆ ಬರೆಯದೇ ಇದ್ದಿದ್ದರೆ ಕಾಡು ಶ್ರೀಮಂತರ, ಬಲ್ಲವರ ಸೊತ್ತಾಗಿಯೇ ಉಳಿಯುತ್ತಿತ್ತು. ಮೈನೆಕೆ ಬರೆಯದೇ ಇದ್ದಿದ್ದರೆ ಎಲ್ಲರ ಪಾಲಿಗೂ ಉಳಿಯುತ್ತಿರಲಿಲ್ಲ. ಒಬ್ಬ 'ಬನ್ನಿ' ಅಂದ, ಇನ್ನೊಬ್ಬ 'ಇಲ್ಲಿ ಮಾತ್ರ ಕೂತುಕೊಳ್ಳಿ' ಅಂದ. ನಾವು ಬರೆಯುವಾಗ ಮೊದಲನೆಯದನ್ನು ಮಾತ್ರ ಬರೆಯುತ್ತೇವೆ. ಎರಡನೆಯದನ್ನೂ ಒಂದು ಸಾಲು ಸೇರಿಸಬಹುದಲ್ಲವೇ?

ಹಾಗಾಗಿ ನನ್ನ ಪಾಲಿನ ಸಾಲು: ಹೋಗಿ, ಖಂಡಿತ ಹೋಗಿ. ಜಾಗ ಆರಿಸುವಾಗ ಎತ್ತರದ ನೆಲ ನೋಡಿ, ತಗ್ಗು ಬೇಡ. ಆಗಲೇ ಬೋಳಾದ ನೆಲದ ಮೇಲೆಯೇ ಡೇರೆ ಹಾಕಿ, ಹಸಿರಿನ ಮೇಲೆ ಬೇಡ. ಸೌದೆ ಅಲ್ಲೇ ಹತ್ತಿರ ಕೊಳ್ಳಿ, ಮನೆಯಿಂದ ಹೊತ್ತರೆ ಅದರ ಜೊತೆ ಮರ ಕೊರೆಯುವ ಹುಳುವೂ ಹೋಗುತ್ತದೆ (ನ್ಯೂಯಾರ್ಕ್‌ನಲ್ಲಿ ಸಂಸ್ಕರಿಸದ ಸೌದೆಯನ್ನು 50 ಮೈಲಿಗಿಂತ ದೂರ ಒಯ್ಯುವಂತಿಲ್ಲ). ಮೇಜನ್ನು ಎಳೆದಾಡಬೇಡಿ. ಅದು ಅಲ್ಲೇ ಇರುವುದಕ್ಕೆ ಕಾರಣ ಇದೆ.

ನಮಗೆ ಕೊನೆಗೆ ಸಿಕ್ಕಿದ್ದು ನೀರಿನಿಂದ ಸ್ವಲ್ಪ ಹಿಂದಕ್ಕೆ, ಮರಗಳ ನಡುವಿನ ಒಂದು ಜಾಗ. ಬೆಳಿಗ್ಗೆ ಎದ್ದು ಇಪ್ಪತ್ತು ಹೆಜ್ಜೆ ನಡೆದರೆ ಕೆರೆ, ಆಚೆಗೆ ಗುಡ್ಡ. ಅಪ್ಪಯ್ಯನಿಗೆ ಫೋಟೋ ಕಳಿಸಿದೆ. "ಮರ ಚೆನ್ನಾಗಿದೆ ಮಾರಾಯ" ಅಂದರು.

ನಿಮ್ಮ ಅಭಿಪ್ರಾಯ ಬರೆಯಿರಿ. ಹೊಸದಾಗಿ ಒಂದು ಒಳ್ಳೆಯ ಜಾಗ ಕಂಡಾಗ ನೀವು ಬರೆಯುತ್ತೀರಾ, ಬಚ್ಚಿಡುತ್ತೀರಾ?