ಉಕ್ಕಿನ ಬಾಗಿಲು ಮತ್ತು ಚೌಕಟ್ಟು

ಉಕ್ಕಿನ ಬಾಗಿಲು ಮತ್ತು ಚೌಕಟ್ಟು ಎಂದರೆ ಉಕ್ಕಿನ ತಗಡನ್ನು ಮಡಿಸಿ, ಬೆಸುಗೆ ಹಾಕಿ ತಯಾರಿಸಿದ ಕದ ಹಾಗೂ ಅದನ್ನು ಗೋಡೆಯಲ್ಲಿ ಹಿಡಿದು ನಿಲ್ಲಿಸುವ ಬಾಗಿಲವಾಡ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಗಗನಚುಂಬಿ ಕಟ್ಟಡಗಳೊಡನೆ ಇವು ವ್ಯಾಪಕ ಬಳಕೆಗೆ ಬಂದವು. ಇಂದು ಬಹುಮಹಡಿ ಕಟ್ಟಡಗಳ ಮೆಟ್ಟಿಲು ಕೋಣೆ, ವಿದ್ಯುತ್ ಕೊಠಡಿ, ಲಿಫ್ಟ್ ಮತ್ತು ನೆಲಮಾಳಿಗೆಗಳಲ್ಲಿ ಸಾಮಾನ್ಯವಾಗಿ ಕಂಡುಬರುತ್ತವೆ. ಹೆಸರಾಂತ ಕಟ್ಟಡಗಳ ವರ್ಣನೆಗಳಲ್ಲಿ ಇವುಗಳಿಗೆ ಸ್ಥಾನ ದೊರೆಯುವುದು ಅಪರೂಪ. ಬೆಂಗಳೂರಿನ ವಿಧಾನಸೌಧದ ಕುರಿತು ಬರೆಯುವವರು ಸಚಿವ ಸಂಪುಟದ ಕೊಠಡಿಗೆ ಇರುವ ಶ್ರೀಗಂಧದ ಕೆತ್ತನೆಯ ಬಾಗಿಲನ್ನು ಮರೆಯದೆ ಹೆಸರಿಸುತ್ತಾರೆ. ಯಾವ ಕಟ್ಟಡದಲ್ಲೇ ಆಗಲಿ, ಮೆಟ್ಟಿಲ ಬಳಿಯ ಬಣ್ಣ ಬಳಿದ ಸಾದಾ ಬಾಗಿಲನ್ನು ಯಾರೂ ಗಮನಿಸುವುದಿಲ್ಲ. ಆದರೆ ಬೆಂಕಿ ಬಿದ್ದ ದಿನ ಒಳಗಿರುವವರ ಪ್ರಾಣವು ಬಹುಮಟ್ಟಿಗೆ ಆ ಸಾದಾ ಬಾಗಿಲನ್ನೇ ಅವಲಂಬಿಸಿರುತ್ತದೆ.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಗಿರಣಿ ಮತ್ತು ಉಗ್ರಾಣಗಳಲ್ಲಿ ಬೆಂಕಿ ಹರಡದಂತೆ ದಪ್ಪ ಕಬ್ಬಿಣದ ಬಾಗಿಲುಗಳನ್ನು ಇಡುತ್ತಿದ್ದರು. ಕಾದ ಕಬ್ಬಿಣ ಬಾಗಿ, ಗೋಡೆಗೂ ಕದಕ್ಕೂ ನಡುವೆ ಸಂದು ಬಿಡುತ್ತಿದ್ದುದರಿಂದ ಇವು ನೆಚ್ಚಿಕೆಗೆ ಅರ್ಹವಾಗಿರಲಿಲ್ಲ. ಮರದ ಹಲಗೆಗಳನ್ನು ಅಡ್ಡಡ್ಡ ಜೋಡಿಸಿ, ಮೇಲೆ ತವರ ಲೇಪಿಸಿದ ತಗಡನ್ನು ಹೊದಿಸಿದ ಬಾಗಿಲುಗಳೇ ಹೆಚ್ಚು ಬಾಳಿಕೆ ಬಂದವು ಎಂಬುದು ಸೋಜಿಗದ ಸಂಗತಿ. ಒಳಗಿನ ಮರ ಗಾಳಿಯಿಲ್ಲದೆ ನಿಧಾನವಾಗಿ ಇದ್ದಿಲಾಗುತ್ತಿತ್ತೇ ಹೊರತು ಉರಿಯುತ್ತಿರಲಿಲ್ಲ. ಇಂಥ ಬಾಗಿಲುಗಳನ್ನು ಇಳಿಜಾರಾದ ಕಂಬಿಯ ಮೇಲೆ ತೂಗುಹಾಕಿ, ಸುಲಭವಾಗಿ ಕರಗುವ ಲೋಹದ ಕೊಂಡಿಯಿಂದ ತಡೆದು ನಿಲ್ಲಿಸುತ್ತಿದ್ದರು. ಶಾಖಕ್ಕೆ ಕೊಂಡಿ ಕರಗಿದರೆ ಬಾಗಿಲು ತನ್ನ ಭಾರದಿಂದಲೇ ಜಾರಿ ಮುಚ್ಚಿಕೊಳ್ಳುತ್ತಿತ್ತು.

1904ರ ಫೆಬ್ರವರಿಯಲ್ಲಿ ಬಾಲ್ಟಿಮೋರ್ ನಗರದ ಮಹಾ ಅಗ್ನಿದುರಂತದಲ್ಲಿ 1,500ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಬೆಂಕಿ ತಟ್ಟದೆಂದು ನಂಬಿದ್ದ ಎತ್ತರದ ಕಟ್ಟಡಗಳ ಉಕ್ಕಿನ ಅಸ್ಥಿಪಂಜರ ಉಳಿಯಿತಾದರೂ ಒಳಭಾಗವೆಲ್ಲ ಸುಟ್ಟುಹೋಯಿತು. ಕಂಬ ತೊಲೆಗಳು ಉಕ್ಕಿನವಾಗಿದ್ದರೂ ಬಾಗಿಲು, ಕಿಟಕಿ, ಅಂಚುಪಟ್ಟಿಗಳು ಮರದವಾಗಿದ್ದರೆ ಕಟ್ಟಡ ಉರಿಯುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಅದೇ ವರ್ಷ ಸ್ವೀಡನ್ನಿನಿಂದ ವಲಸೆ ಬಂದಿದ್ದ ಚಾರ್ಲ್ಸ್ ಡಾಲ್‌ಸ್ಟ್ರಾಮ್ ಎಂಬ ಕುಶಲಕರ್ಮಿ ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನಲ್ಲಿ ಲೋಹದ ಬಾಗಿಲುಗಳ ಕಾರ್ಖಾನೆಯನ್ನು ಸ್ಥಾಪಿಸಿದರು. ಜೇಮ್ಸ್‌ಟೌನ್ ಅಂದು ಮರದ ಪೀಠೋಪಕರಣಗಳಿಗೆ ಹೆಸರಾದ ಊರು. ಪೊಳ್ಳು ಉಕ್ಕಿನ ಬಾಗಿಲಿಗೆ ಮರದ ಬಾಗಿಲಿನ ನಯವನ್ನೂ ರೂಪವನ್ನೂ ಕೊಡುವುದು ಆರಂಭಕಾಲದ ತಯಾರಕರ ಗುರಿಯಾಗಿತ್ತು.

ಪ್ರಸಿದ್ಧ ಕಟ್ಟಡಗಳಲ್ಲಿ

1908ರಲ್ಲಿ ಪೂರ್ಣಗೊಂಡ ನ್ಯೂಯಾರ್ಕಿನ ಸಿಂಗರ್ ಕಟ್ಟಡ 612 ಅಡಿ ಎತ್ತರವಿದ್ದು, ಆ ಕಾಲಕ್ಕೆ ಜಗತ್ತಿನ ಅತಿ ಎತ್ತರದ ಕಚೇರಿ ಕಟ್ಟಡವಾಗಿತ್ತು. ವಾಸ್ತುಶಿಲ್ಪಿ ಅರ್ನೆಸ್ಟ್ ಫ್ಲ್ಯಾಗ್ ಇದರಲ್ಲಿ ಮರದ ಬಳಕೆಯನ್ನು ಆದಷ್ಟು ತಗ್ಗಿಸಿ, ಬಾಗಿಲು ಮತ್ತು ಅಂಚುಪಟ್ಟಿಗಳಿಗೆ ಲೋಹವನ್ನು ಬಳಸಿದರು. 1913ರ ವುಲ್‌ವರ್ತ್ ಕಟ್ಟಡದಲ್ಲಿಯೂ ಇದೇ ಕ್ರಮ ಮುಂದುವರಿಯಿತು. 1930ರ ಕ್ರೈಸ್ಲರ್ ಕಟ್ಟಡದ ಲಿಫ್ಟ್ ಬಾಗಿಲುಗಳು ನೋಡುಗರಿಗೆ ಅಪ್ಪಟ ಮರಗೆಲಸದಂತೆ ಕಾಣುತ್ತವೆ. ಆದರೆ ಅವು ಲೋಹದ ಹಲಗೆಗಳು. ಮೇಲೆ ಬಗೆಬಗೆಯ ಮರದ ತೆಳುಪದರಗಳನ್ನು ಕಮಲದಂಥ ವಿನ್ಯಾಸದಲ್ಲಿ ಅಂಟಿಸಲಾಗಿದೆ.

ಎತ್ತರದ ಕಟ್ಟಡಗಳಿಗೆ ನಿಯಮ ಕಟ್ಟುನಿಟ್ಟಾಗಿದ್ದರೂ ತುಸು ಗಿಡ್ಡನೆಯವು ಅದರಿಂದ ತಪ್ಪಿಸಿಕೊಳ್ಳುತ್ತಿದ್ದವು. ನ್ಯೂಯಾರ್ಕಿನಲ್ಲಿ 150 ಅಡಿ ಮೀರಿದ ಕಟ್ಟಡಗಳಿಗೆ ಮಾತ್ರ ಲೋಹದ ಅಂಚುಪಟ್ಟಿ, ಲೋಹದ ಕಿಟಕಿ ಚೌಕಟ್ಟು ಮತ್ತು ಕಲ್ಲು ಅಥವಾ ಕಾಂಕ್ರೀಟಿನ ನೆಲ ಕಡ್ಡಾಯವಾಗಿದ್ದವು. ಹತ್ತು ಮಹಡಿಯ ಆಶ್ ಕಟ್ಟಡದ ಎತ್ತರ 135 ಅಡಿ. ಅದರ ಮೇಲಿನ ಮೂರು ಮಹಡಿಗಳಲ್ಲಿದ್ದ ಟ್ರಯಾಂಗಲ್ ಉಡುಪು ಕಾರ್ಖಾನೆಯಲ್ಲಿ 1911ರ ಮಾರ್ಚ್ 25ರಂದು ಹೊತ್ತಿದ ಬೆಂಕಿಗೆ 146 ಕಾರ್ಮಿಕರು ಬಲಿಯಾದರು. ಹೆಚ್ಚಿನವರು ವಲಸೆ ಬಂದ ಎಳೆಯ ಹೆಣ್ಣುಮಕ್ಕಳು. ಒಂಬತ್ತನೆಯ ಮಹಡಿಯಲ್ಲಿ ಮೆಟ್ಟಿಲಿಗೆ ಹೋಗುವ ಒಂದು ಬಾಗಿಲಿಗೆ ಬೀಗ ಹಾಕಲಾಗಿತ್ತು. ಕಟ್ಟಡವೇನೋ ಉಳಿಯಿತು, ಇಂದಿಗೂ ಬಳಕೆಯಲ್ಲಿದೆ. ಬಾಗಿಲು ಯಾವ ವಸ್ತುವಿನದು ಎಂಬ ಪ್ರಶ್ನೆಯ ಜೊತೆಗೆ ಅದು ಒಳಗಿನಿಂದ ತೆರೆಯುತ್ತದೆಯೇ ಎಂಬ ಪ್ರಶ್ನೆಯನ್ನೂ ಈ ದುರಂತ ಮುಂದಿಟ್ಟಿತು. 1903ರಲ್ಲಿ ಷಿಕಾಗೋದ ಇರೊಕ್ವಾ ರಂಗಮಂದಿರದಲ್ಲಿ 602 ಮಂದಿ ಸತ್ತ ಬಳಿಕ, ಮೈಯ ಒತ್ತಡದಿಂದಲೇ ಅಗುಳಿ ಬಿಡುವ ಅಡ್ಡಪಟ್ಟಿಯನ್ನು ಕಾರ್ಲ್ ಪ್ರಿಂಜ್ಲರ್ ಮತ್ತು ಸಂಗಡಿಗರು ರೂಪಿಸಿದ್ದರು. ಇಂದು ಚಿತ್ರಮಂದಿರ, ಮಾಲ್‌ಗಳ ನಿರ್ಗಮನ ದ್ವಾರಗಳಲ್ಲಿ ಕಾಣುವುದು ಇದರದೇ ಸಂತತಿ.

ರಚನೆ

ಸಾಮಾನ್ಯ ಉಕ್ಕಿನ ಕದವು ಒಂದು ಮಿಲಿಮೀಟರಿನ ಆಸುಪಾಸಿನ ಎರಡು ತಗಡುಗಳನ್ನು ಒಳಗೊಂಡಿದ್ದು, ಒಟ್ಟು ದಪ್ಪ ಸುಮಾರು 45 ಮಿ.ಮೀ. ಇರುತ್ತದೆ. ನಡುವೆ ಜೇನುಗೂಡಿನಾಕಾರದ ಕಾಗದ, ಖನಿಜ ಉಣ್ಣೆ ಅಥವಾ ಉಕ್ಕಿನ ಪಟ್ಟಿಗಳನ್ನು ತುಂಬುತ್ತಾರೆ. ಕೀಲು ಮತ್ತು ಬೀಗ ಕೂರುವ ಕಡೆ ದಪ್ಪ ತಗಡಿನ ಆಸರೆ ಇರುತ್ತದೆ. ಹೊರನೋಟಕ್ಕೆ ಗಟ್ಟಿ ಹಲಗೆಯಂತಿದ್ದರೂ ಇದು ಪೊಳ್ಳು ಬಾಗಿಲೇ.

ಉಕ್ಕು ಉರಿಯುವುದಿಲ್ಲ, ಆದರೆ ಹಿಗ್ಗುತ್ತದೆ. 2.1 ಮೀಟರ್ ಎತ್ತರದ ತಗಡಿನ ಶಾಖ 500 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ ಅದರ ಉದ್ದ ಸುಮಾರು 12 ಮಿ.ಮೀ. ಹೆಚ್ಚುತ್ತದೆ. ಬೆಂಕಿಯ ಕಡೆಯ ತಗಡು ಹಿಗ್ಗಿ, ಇನ್ನೊಂದು ಬದಿಯದು ತಣ್ಣಗೇ ಉಳಿದಾಗ ಕದವು ಬಿಲ್ಲಿನಂತೆ ಬಾಗುತ್ತದೆ. ಮೂಲೆಗಳಲ್ಲಿ ಸಂದು ತೆರೆದು ಹೊಗೆ ನುಗ್ಗುತ್ತದೆ. ಇದನ್ನು ತಡೆಯಲೆಂದೇ ಕದದ ಅಂಚಿಗೋ ಚೌಕಟ್ಟಿಗೋ ಶಾಖ ತಗಲಿದೊಡನೆ ಉಬ್ಬಿ ಸಂದು ತುಂಬುವ ಪಟ್ಟಿಯನ್ನು ಅಳವಡಿಸುತ್ತಾರೆ. ಪರೀಕ್ಷಾ ಕುಲುಮೆಯ ಶಾಖ ಅಂತರರಾಷ್ಟ್ರೀಯ ಮಾನಕದಂತೆ ಒಂದು ಗಂಟೆಗೆ 945 ಡಿಗ್ರಿ, ಎರಡು ಗಂಟೆಗೆ 1,049 ಡಿಗ್ರಿ ತಲಪುತ್ತದೆ. ಕದ, ಚೌಕಟ್ಟು, ಕೀಲು, ಬೀಗ ಎಲ್ಲವನ್ನೂ ಜೋಡಿಸಿಯೇ ಪರೀಕ್ಷೆಗೆ ಒಡ್ಡುತ್ತಾರೆ. ಆದ್ದರಿಂದ ಪರೀಕ್ಷೆಯಲ್ಲಿ ತೇರ್ಗಡೆಯಾದ ಕದವನ್ನು ತಂದು ಸಿಕ್ಕ ಚೌಕಟ್ಟಿಗೆ ಕೂರಿಸಿದರೆ ಆ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ.

ಚೌಕಟ್ಟನ್ನು ತುಸು ಹೆಚ್ಚು ದಪ್ಪದ ತಗಡಿನಿಂದ ಮಡಿಸಿ, ಗೋಡೆಗೆ ಕೊಂಡಿಗಳಿಂದ ಬಿಗಿದು, ಹಿಂಬದಿಯ ಟೊಳ್ಳಿಗೆ ಗಾರೆ ತುಂಬುತ್ತಾರೆ. ತೂಗುಗುಂಡಿನ ನೇರಕ್ಕೆ ನಿಲ್ಲದ ಚೌಕಟ್ಟಿನಲ್ಲಿ ಎಂಥ ಕದವೂ ಸರಿಯಾಗಿ ಮುಚ್ಚದು.

ಇದರ ವಿಪರೀತ ರೂಪ 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ವಿಶ್ವ ವ್ಯಾಪಾರ ಕೇಂದ್ರದಲ್ಲಿ ಕಂಡುಬಂತು. ವಿಮಾನ ಬಡಿದ ಹೊಡೆತಕ್ಕೆ ಉತ್ತರ ಗೋಪುರದ ಮೇಲ್ಮಹಡಿಗಳ ಗೋಡೆಗಳು ಜರುಗಿ ಚೌಕಟ್ಟುಗಳು ಸೊಟ್ಟಗಾದವು. ಬೀಗವಿಲ್ಲದ ಬಾಗಿಲುಗಳೂ ಸಿಕ್ಕಿಕೊಂಡವು. ಕಟ್ಟಡದ ನಿರ್ಮಾಣ ವ್ಯವಸ್ಥಾಪಕ ಫ್ರಾಂಕ್ ಡಿ ಮಾರ್ಟಿನಿ, ಸಹೋದ್ಯೋಗಿ ಪಾಬ್ಲೊ ಒರ್ಟಿಜ್ ಮತ್ತಿತರರು 88ನೆಯ ಮಹಡಿಯ ಆಸುಪಾಸಿನಲ್ಲಿ ಹಾರೆಯಿಂದ ಬಾಗಿಲುಗಳನ್ನು ಮೀಟಿ ತೆಗೆದು ಕನಿಷ್ಠ 50 ಮಂದಿಯನ್ನು ಹೊರಗೆ ಕಳುಹಿಸಿದರು. ಅವರಿಬ್ಬರೂ ಹಿಂತಿರುಗಲಿಲ್ಲ.

ಮುಚ್ಚುವಿಕೆ ಮತ್ತು ನಿರ್ವಹಣೆ

ಬೆಂಕಿ ತಡೆಯುವ ಬಾಗಿಲು ತೆರೆದೇ ಇದ್ದರೆ ಅದು ಇದ್ದೂ ಇಲ್ಲದಂತೆ. 2022ರ ಜನವರಿ 9ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನ 19 ಮಹಡಿಯ ವಸತಿ ಕಟ್ಟಡದಲ್ಲಿ ಒಂದು ಮನೆಗೆ ಬೆಂಕಿ ಹತ್ತಿತು. ಮನೆಯವರು ಹೊರಗೋಡಿದ ಮೇಲೆ ತಾನಾಗಿ ಮುಚ್ಚಬೇಕಿದ್ದ ಬಾಗಿಲು ಮುಚ್ಚಲಿಲ್ಲ. ಹೊಗೆ ಮೆಟ್ಟಿಲುಗಳಿಗೆ ಏರಿ 17 ಜನ ಮೃತಪಟ್ಟರು. ಅವರಲ್ಲಿ ಎಂಟು ಮಂದಿ ಮಕ್ಕಳು. ಗಾಳಿಗೆಂದೋ ಸಾಮಾನು ಸಾಗಿಸಲೆಂದೋ ಬಾಗಿಲಿಗೆ ಇಟ್ಟಿಗೆ ಒತ್ತುಕೊಡುವ ರೂಢಿ ಎಲ್ಲ ದೇಶಗಳಲ್ಲೂ ಇದೆ.

ಭಾರತದಲ್ಲಿ

ಮರದ ಬೆಲೆ ಏರಿಕೆ ಮತ್ತು ಗೆದ್ದಲಿನ ಕಾಟದಿಂದಾಗಿ ಭಾರತದ ಮನೆಗಳಲ್ಲಿಯೂ ಉಕ್ಕಿನ ಚೌಕಟ್ಟುಗಳ ಬಳಕೆ ಹೆಚ್ಚಿದೆ. ಇವುಗಳಿಗೆ ಐಎಸ್ 4351 ಹಾಗೂ ಬೆಂಕಿ ತಡೆ ಬಾಗಿಲುಗಳಿಗೆ ಐಎಸ್ 3614 ಎಂಬ ಮಾನಕಗಳಿವೆ. ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ನಿರ್ಗಮನ ದ್ವಾರದ ಅಗಲ ಕನಿಷ್ಠ 1,000 ಮಿ.ಮೀ. ಇರಬೇಕು, ಜನ ಸೇರುವ ಸಭಾಂಗಣಗಳಲ್ಲಿ ಇದು 2,000 ಮಿ.ಮೀ.

ನಿಯಮಕ್ಕೂ ನಡವಳಿಕೆಗೂ ಇರುವ ಅಂತರಕ್ಕೆ ಬೆಂಗಳೂರು ಒಮ್ಮೆ ಭಾರಿ ಬೆಲೆ ತೆತ್ತಿದೆ. 2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ವಿದ್ಯುತ್ ಕೊಳವೆದಾರಿಯಿಂದ ಎದ್ದ ಹೊಗೆ ಮೇಲ್ಮಹಡಿಗಳನ್ನು ತುಂಬಿಕೊಂಡಿತು. ಕೆಲವರು ಕಿಟಕಿಗಳಿಂದ ಜಿಗಿದರು. ಒಟ್ಟು ಒಂಬತ್ತು ಜನ ಅಸುನೀಗಿದರು. ತುರ್ತು ನಿರ್ಗಮನ ದಾರಿಗಳು ಮುಚ್ಚಿದ್ದವೆಂದು ಆಗಿನ ವರದಿಗಳು ತಿಳಿಸಿದವು.

ಪರೀಕ್ಷಿತ ಬಾಗಿಲಿನ ಕೀಲಿನ ಬದಿಯ ಅಂಚಿನಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಲೋಹಫಲಕವಿದ್ದು, ಬೆಂಕಿಯನ್ನು ಎಷ್ಟು ನಿಮಿಷ ತಡೆಯಬಲ್ಲದೆಂಬುದನ್ನು ಅದರಲ್ಲಿ ನಮೂದಿಸಿರುತ್ತಾರೆ. ಚೌಕಟ್ಟಿಗೂ ಪ್ರತ್ಯೇಕ ಫಲಕವಿರುವುದುಂಟು. ಗೋಡೆಗೆ ಬಣ್ಣ ಹೊಡೆಯುವಾಗ ಈ ಫಲಕಗಳ ಮೇಲೂ ಕುಂಚ ಆಡಿಸಿ ಬರಹವನ್ನು ಅಳಿಸಿಬಿಡುವುದು ತಪಾಸಣೆಯ ವೇಳೆ ಕಾಣುವ ಸಾಮಾನ್ಯ ದೋಷಗಳಲ್ಲಿ ಒಂದು.