ಹೆಸರು ಹೊರಿಸಿದ ಅಪವಾದ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು. ಸುತ್ತಲಿನ ಹಳ್ಳಿಗರು ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ಪರದೇಶದ ಹಳದಿ ಜ್ವರವೇ ಬಂದಿತೇನೋ ಎಂಬ ಶಂಕೆ ತಜ್ಞರಲ್ಲಿಯೂ ಮೂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಸತ್ತ ಮಂಗಗಳನ್ನು ಪರೀಕ್ಷಿಸಿ, ಅದು ಅದುವರೆಗೆ ಅರಿಯದಿದ್ದ ಬೇರೊಂದು ವೈರಾಣುವೆಂದು ಕಂಡುಕೊಂಡರು. ಅದನ್ನು ಹರಡುವುದು ಉಣುಗು ಎಂಬುದೂ ಸ್ಪಷ್ಟವಾಯಿತು.

ಆದರೆ ಜನರ ಬಾಯಲ್ಲಿ ನಿಂತದ್ದು 'ಮಂಗನ ಕಾಯಿಲೆ' ಎಂಬ ಹೆಸರು. ಮುಂದಿನ ದಶಕಗಳಲ್ಲಿ ವ್ಯಾಧಿಯು ಹೊನ್ನಾವರ, ಭಟ್ಕಳ ತಾಲೂಕುಗಳ ಕಾಡಂಚಿನಲ್ಲಿ ಕಾಣಿಸಿಕೊಂಡಾಗ ಹೆಸರೂ ಅದರೊಡನೆ ಬಂದಿತು. ಆ ಹೆಸರನ್ನಷ್ಟೇ ಕೇಳಿದವನು ಮಂಗನಿಗೆ ಅಂಜುತ್ತಾನೆ. ದರಕು ತರಲು ಹೋದಾಗ ಕಾಲಿಗೆ ಹತ್ತುವ ಉಣುಗನ್ನು ಗಮನಿಸುವುದಿಲ್ಲ. ವಾಸ್ತವವಾಗಿ ಮಂಗವೂ ಮನುಷ್ಯನಂತೆ ಈ ವ್ಯಾಧಿಗೆ ಬಲಿಯಾಗುವ ಜೀವಿ. ಅದರ ಸಾವು ಊರಿಗೆ ಮುನ್ಸೂಚನೆ. ಶವದ ಮೈಬಿಟ್ಟ ಉಣುಗುಗಳು ಸುತ್ತಲೂ ಹರಡುವುದರಿಂದ, ಹತ್ತಿರ ಸುಳಿಯದೆ ಆರೋಗ್ಯ ಇಲಾಖೆಗೆ ಕೂಡಲೇ ತಿಳಿಸುವುದು ವಿವೇಕ.

ಪರಿಣಾಮ ಸಾಲದೆಂದು ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತ ಮೇಲೆ ಸರಿಯಾದ ತಿಳಿವಳಿಕೆಯ ಬೆಲೆ ಇನ್ನಷ್ಟು ಹೆಚ್ಚಿತು. ತಪ್ಪು ತಿಳಿವಳಿಕೆ ಹಬ್ಬಲು ದುರುದ್ದೇಶವೇ ಬೇಕಿಲ್ಲ. ವಿಚಾರಿಸದೆ ಆಡಿದ ಒಂದು ಹೆಸರು ಮೂಕಪ್ರಾಣಿಗೆ ಅಪವಾದವನ್ನೂ ಮನುಷ್ಯನಿಗೆ ಅಪಾಯವನ್ನೂ ತರಬಲ್ಲದು.