ಗಾಯಗೊಂಡ ಬಂಧಿ ಮತ್ತು ಫೌಜದಾರರ ಹೊಣೆ

2024ರ ಡಿಸೆಂಬರ್ 19ರ ರಾತ್ರಿ ಖಾನಾಪುರ ಪೊಲೀಸ್ ಠಾಣೆ ಇದ್ದಕ್ಕಿದ್ದಂತೆ ಇಡೀ ರಾಜ್ಯದ ಕಣ್ಣಿಗೆ ಬಿತ್ತು. ವಿಧಾನ ಪರಿಷತ್ತಿನಲ್ಲಿ ಸಚಿವೆ ಲಕ್ಷ್ಮೀ ಹೆಬ್ಬಾಳಕರ ಅವರ ಬಗ್ಗೆ ಆಡಿದರೆನ್ನಲಾದ ಮಾತಿಗಾಗಿ ಸದಸ್ಯ ಸಿ.ಟಿ. ರವಿ ಅವರನ್ನು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಬಂಧಿಸಿ ಅಲ್ಲಿಗೆ ತರಲಾಗಿತ್ತು. ಆ ಮಾತನ್ನು ತಾವು ಆಡಿಯೇ ಇಲ್ಲವೆಂದು ರವಿ ಹೇಳಿದರು. ಆ ಜಗಳ ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಆ ರಾತ್ರಿ ಅವರ ತಲೆಗೆ ಗಾಯವಾಗಿ ರಕ್ತ ಸೋರುತ್ತಿದ್ದುದನ್ನು ಜನ ಚಿತ್ರಗಳಲ್ಲಿ ನೋಡಿದರು. ಸಕಾಲಕ್ಕೆ ಚಿಕಿತ್ಸೆ ಕೊಡಿಸದೆ ರಾತ್ರಿಯಿಡೀ ವಾಹನದಲ್ಲಿ ಸುತ್ತಿಸಿದರೆಂಬುದು ಅವರ ದೂರು. ಭದ್ರತೆಯ ದೃಷ್ಟಿಯಿಂದ ಸ್ಥಳ ಬದಲಿಸಬೇಕಾಯಿತೆಂಬುದು ಪೊಲೀಸರ ಸಮಜಾಯಿಷಿ. ಮರುದಿನ ಹೈಕೋರ್ಟಿನ ಮಧ್ಯಂತರ ಆದೇಶದಿಂದ ಅವರ ಬಿಡುಗಡೆಯಾಯಿತು.

ಶಾಸಕರಾದ್ದರಿಂದ ಇದು ಸುದ್ದಿಯಾಯಿತು. ಸಂತೆಯಲ್ಲಿ ಹೊಡೆದಾಡಿ ಸಿಕ್ಕಿಬಿದ್ದ ಕೂಲಿಯವನ ತಲೆ ಒಡೆದಿದ್ದರೆ ಯಾರು ಕೇಳುತ್ತಿದ್ದರು? ಕಾನೂನು ಮಾತ್ರ ಇಬ್ಬರಿಗೂ ಒಂದೇ. ಅದು ಹೊಸದೂ ಅಲ್ಲ.

ಬ್ರಿಟಿಷರ 1861ರ ಪೊಲೀಸ್ ಕಾಯ್ದೆಯಲ್ಲಿ ಪೊಲೀಸರ ಕರ್ತವ್ಯಗಳನ್ನು ಹೇಳುವ ಕಲಮನ್ನು ಓದಿ ನೋಡಿ. ಆಜ್ಞೆ ಪಾಲಿಸುವುದು, ಸುಳಿವು ಸಂಗ್ರಹಿಸುವುದು, ಅಪರಾಧ ತಡೆಯುವುದು, ಅಪರಾಧಿಯನ್ನು ಹಿಡಿಯುವುದು ಎಲ್ಲವೂ ಇದೆ, ಗಾಯಾಳುವಿನ ಮಾತಿಲ್ಲ. ದಂಗೆಯ ಬೆನ್ನಿಗೇ ಹುಟ್ಟಿದ ಕಾಯ್ದೆಗೆ ಸಾಮ್ರಾಜ್ಯದ ಚಿಂತೆಯೇ ದೊಡ್ಡದಾಗಿತ್ತು.

ಬೆಳಗಾವಿ ಆಗ ಮುಂಬಯಿ ಆಡಳಿತಕ್ಕೆ ಸೇರಿತ್ತು. ಸ್ವಾತಂತ್ರ್ಯಾನಂತರ ಬಂದ 1951ರ ಮುಂಬಯಿ ಪೊಲೀಸ್ ಕಾಯ್ದೆಯಲ್ಲಿ 'ಸಾರ್ವಜನಿಕರ ಬಗೆಗೆ ಪೊಲೀಸರ ಕರ್ತವ್ಯ' ಎಂಬ ಪ್ರತ್ಯೇಕ ಕಲಮೇ ಇದೆ. ಬೀದಿಯಲ್ಲಿ ಅಸಹಾಯಕರಾಗಿ ಬಿದ್ದವರಿಗೆ ಕೈಲಾದ ಎಲ್ಲ ನೆರವನ್ನೂ ಕೊಡಬೇಕು. ಬಂಧನದಲ್ಲಿರುವವನು ಗಾಯಗೊಂಡಿದ್ದರೆ ಅಥವಾ ಕಾಯಿಲೆ ಬಿದ್ದಿದ್ದರೆ ಅಗತ್ಯವಾದ ನೆರವು ದೊರಕಿಸಲು ತಡಮಾಡದೆ ಕ್ರಮ ಕೈಗೊಳ್ಳಬೇಕು. ಅವನನ್ನು ಕಾಯುವಾಗ, ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವಾಗ ಅವನ ಸ್ಥಿತಿಯನ್ನು ಗಮನದಲ್ಲಿಡಬೇಕು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ನಂತರ ರಚನೆಯಾದ 1963ರ ಕಾಯ್ದೆ, ಅಂದರೆ ಇಂದಿನ ಕರ್ನಾಟಕ ಪೊಲೀಸ್ ಕಾಯ್ದೆ, ಇದೇ ಕರ್ತವ್ಯಗಳನ್ನು ಉಳಿಸಿಕೊಂಡಿತು. ಗಡಿಯ ವಿವಾದ ಏನೇ ಇರಲಿ, ಈ ವಿಷಯದಲ್ಲಿ ಆಚೆಯ ಪೇದೆಗೂ ಈಚೆಯ ಪೇದೆಗೂ ಪಾಠ ಒಂದೇ!

ಇಲ್ಲಿ ಒಂದು ಸೂಕ್ಷ್ಮವಿದೆ. ಬಂಧಿಗೆ ಪೇದೆಯೇ ಚಿಕಿತ್ಸೆ ಮಾಡಬೇಕೆಂದು ಕಾನೂನು ಹೇಳುವುದಿಲ್ಲ, ನೆರವು 'ದೊರಕಿಸು' ಎನ್ನುತ್ತದೆ. ಅವನು ವೈದ್ಯನಲ್ಲ, ನಿಜ. ಆದರೆ ದವಾಖಾನೆಗೆ ಒಯ್ಯಲು ವೈದ್ಯನಾಗಬೇಕಿಲ್ಲವಲ್ಲ!

ಇದಕ್ಕಿಂತ ಹೆಚ್ಚು ಗೊಂದಲ ಮೂಡಿಸಿರುವುದು ಚಿಕಿತ್ಸೆ ಮತ್ತು ವೈದ್ಯಕೀಯ ತಪಾಸಣೆಗಳ ನಡುವಣ ವ್ಯತ್ಯಾಸ. ಚಿಕಿತ್ಸೆ ಜೀವ ಉಳಿಸಲು, ತಪಾಸಣೆ ಸತ್ಯ ಉಳಿಸಲು. ಗಾಯ ಎಲ್ಲಿದೆ, ಎಷ್ಟು ಹಳೆಯದು ಎಂದು ವೈದ್ಯರು ಬರೆದಿಟ್ಟರೆ ಅದು ಠಾಣೆಗೆ ಬರುವ ಮೊದಲೇ ಆದದ್ದೋ ಆಮೇಲೆ ಆದದ್ದೋ ತಿಳಿಯುತ್ತದೆ. ಪ್ರಾಮಾಣಿಕ ಅಧಿಕಾರಿಗೂ ಅದೇ ರಕ್ಷೆ. 1973ರ ದಂಡ ಪ್ರಕ್ರಿಯಾ ಸಂಹಿತೆ ಈ ತಪಾಸಣೆಗೆ ಅವಕಾಶವಿತ್ತಿತಾದರೂ ಬಂಧಿತನೇ ಕೇಳಿಕೊಳ್ಳಬೇಕಿತ್ತು. ಹಕ್ಕಿದೆಯೆಂದು ತಿಳಿಯದವನು ಕೇಳುವುದು ಹೇಗೆ? ಪತ್ರಕರ್ತೆ ಶೀಲಾ ಬರ್ಸೆ ಮುಂಬಯಿಯ ಮಹಿಳಾ ಬಂಧಿಗಳ ಪಾಡನ್ನು ಕಂಡು ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಆ ಪ್ರಕರಣದಲ್ಲಿ 1983ರಲ್ಲಿ ನ್ಯಾಯಾಲಯ, ಈ ಹಕ್ಕನ್ನು ಮ್ಯಾಜಿಸ್ಟ್ರೇಟರೇ ಬಂಧಿತರಿಗೆ ತಿಳಿಸಬೇಕೆಂದು ಹೇಳಿತು.

1989ರ ಪರಮಾನಂದ ಕಟಾರಾ ಪ್ರಕರಣದ್ದು ಬೀದಿಯ ಕಥೆ. ಅಪಘಾತದಲ್ಲಿ ಗಾಯಗೊಂಡ ಸ್ಕೂಟರ್ ಸವಾರನನ್ನು ಹತ್ತಿರದ ಆಸ್ಪತ್ರೆ ಸೇರಿಸಿಕೊಳ್ಳದೆ ಸುಮಾರು 20 ಕಿ.ಮೀ. ದೂರದ ಇನ್ನೊಂದಕ್ಕೆ ಕಳುಹಿಸಿತು. ದಾರಿಯಲ್ಲೇ ಆತ ತೀರಿಕೊಂಡ. ಖಾನಾಪುರದಿಂದ ಬೆಳಗಾವಿಗೆ ಇರುವ ದೂರವೂ ಹೆಚ್ಚುಕಡಿಮೆ ಅಷ್ಟೇ. ಮೊದಲು ಜೀವ, ಆಮೇಲೆ ಪೊಲೀಸ್ ವಿಧಿವಿಧಾನ ಎಂಬುದು ಸುಪ್ರೀಂ ಕೋರ್ಟಿನ ತೀರ್ಪಿನ ತಿರುಳು.

1996ರ ಡಿಸೆಂಬರ್ 18ರಂದು ಬಂದ ಡಿ.ಕೆ. ಬಸು ತೀರ್ಪು ಠಾಣೆಯ ಒಳಕ್ಕೇ ಕಾಲಿಟ್ಟಿತು. ಬಂಧಿತ ಕೇಳಿದರೆ ಆ ಕ್ಷಣವೇ ಮೈಮೇಲಿನ ಸಣ್ಣ ದೊಡ್ಡ ಗಾಯಗಳನ್ನೆಲ್ಲ ನೋಡಿ ಬರೆಯಬೇಕು. ಆ ಪತ್ರಕ್ಕೆ ಬಂಧಿತನೂ ಬಂಧಿಸಿದವನೂ ಸಹಿ ಮಾಡಬೇಕು, ಪ್ರತಿ ಬಂಧಿತನ ಕೈಗೆ ಸೇರಬೇಕು. ಬಂಧನದಲ್ಲಿರುವಷ್ಟು ಕಾಲ 48 ಗಂಟೆಗೊಮ್ಮೆ ತರಬೇತಾದ ವೈದ್ಯರ ತಪಾಸಣೆ ಆಗಬೇಕು. ತಪ್ಪಿದರೆ ಇಲಾಖಾ ಕ್ರಮ, ಜೊತೆಗೆ ನ್ಯಾಯಾಂಗ ನಿಂದನೆಯ ಕ್ರಮ. ಖಾನಾಪುರದ ಘಟನೆ ಈ ತೀರ್ಪಿಗೆ 28 ವರ್ಷ ತುಂಬಿದ ಮರುದಿನ ನಡೆದದ್ದು ಕಾಕತಾಳೀಯವಷ್ಟೆ.

2009ರ ಕೊನೆಗೆ ಜಾರಿಯಾದ ತಿದ್ದುಪಡಿಯಿಂದ ತಪಾಸಣೆ ಕೇಳಿ ಪಡೆಯುವ ವಸ್ತುವಾಗಿ ಉಳಿಯಲಿಲ್ಲ, ಬಂಧನವಾದೊಡನೆ ಮಾಡಿಸಲೇಬೇಕಾದದ್ದಾಯಿತು. ಬಂಧಿತನ ಆರೋಗ್ಯ ಮತ್ತು ಸುರಕ್ಷತೆಯ ಹೊಣೆಯೂ ವಶದಲ್ಲಿಟ್ಟುಕೊಂಡವರ ಮೇಲೆ ಬಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 53 ಮತ್ತು 56ನೆಯ ಕಲಮುಗಳು ಹೇಳುವುದೂ ಇದನ್ನೇ.

ಖಾನಾಪುರದಲ್ಲೇ ರಾಜ್ಯದ ಪೊಲೀಸ್ ತರಬೇತಿ ಶಾಲೆಯೊಂದಿದೆ. ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬ ನಿಯಮ ಪೊಲೀಸರೆಲ್ಲರಿಗೂ ಕಂಠಪಾಠ. ಆ ಲೆಕ್ಕದಲ್ಲಿ ಪ್ರಯಾಣದ ಸಮಯವನ್ನು ಬಿಟ್ಟು ಎಣಿಸಬಹುದು. ಬಂಧಿತನ ಆರೋಗ್ಯದ ಕಲಮಿನಲ್ಲಿ ಮಾತ್ರ ಅಂಥ ರಿಯಾಯಿತಿ ಇಲ್ಲ. ಜೀಪು ಓಡುತ್ತಿರುವಾಗಲೂ ಅದು ಜಾರಿಯಲ್ಲಿರುತ್ತದೆ.